ಅಂಟಿನ ಕಲೆಯಿದ್ದ ಪ್ರತಿ

ಡಮ್ಮಿ ಎಲ್ಲೂ ಕಾಣಿಸಲಿಲ್ಲ.

ಕಾದಂಬರಿಕಾರ ಮಂಚದ ಕೆಳಗಿನ ಪೆಟ್ಟಿಗೆಗಳನ್ನೆಲ್ಲ ಎಳೆದು ಹಾಕಿದ. ಸ್ವಂತ ಖರ್ಚಿನಲ್ಲಿ ಇನ್ನೂರು ಪ್ರತಿ ಅಚ್ಚು ಹಾಕಿಸುವ ಮೊದಲು, ದಪ್ಪ ಎಷ್ಟು ಬರುತ್ತದೆಂದು ನೋಡಲು ಪ್ರೆಸ್ಸಿನವನು ಕಟ್ಟಿಕೊಟ್ಟಿದ್ದ ಪುಸ್ತಕ ಅದು. ಹೊರಗೆ ಅಸಲಿ ರಕ್ಷಾಪುಟ, ಒಳಗೆ ಮುನ್ನೂರು ಪುಟವೂ ಬರೀ ಬಿಳಿ. ಹಿಂಬದಿಯಲ್ಲಿ ಪ್ರೆಸ್ಸಿನವನ ಹೆಬ್ಬೆರಳಿನ ಅಂಟು ಕಂದು ಕಲೆಯಾಗಿ ಕೂತಿತ್ತು.

ಕಲೆ ನೆನಪಾದದ್ದೇ ತಡ, ಅವನ ಕೈ ನಿಂತಿತು. ಎರಡು ತಿಂಗಳ ಹಿಂದೆ ಲೇಖಕರ ಕೂಟದಲ್ಲಿ ಹನ್ನೆರಡು ಜನಕ್ಕೆ ಪುಸ್ತಕ ಹಂಚಿದ್ದ. ಒಂದರ ಮೇಲೆ ಕಲೆ ಕಂಡಿತ್ತು. ಮುದುಕರಿಗೆ ಇದು ಸಾಕು ಎಂದುಕೊಂಡು, ಮೂಲೆಯಲ್ಲಿ ಕೂತಿದ್ದ ನಿವೃತ್ತ ಗುಮಾಸ್ತರ ಕೈಗೆ ಅದನ್ನೇ ತುರುಕಿದ್ದ.

ಅದೇ ಗುಮಾಸ್ತರು ಈ ತಿಂಗಳ ಕೂಟದ ಪತ್ರಿಕೆಯಲ್ಲಿ ಬರೆದಿದ್ದರು: "ಪೂರ್ತಿ ಓದಿದೆ. ಕೊನೆಯ ಅಧ್ಯಾಯದಲ್ಲಿ ಕಣ್ಣು ಒದ್ದೆಯಾಯಿತು. ನಡುವಿನ ಐವತ್ತು ಪುಟ ಇಲ್ಲದಿದ್ದರೂ ನಡೆಯುತ್ತಿತ್ತು."

"ಬಿಳಿ ಹಾಳೆ ನೋಡ್ಕೊಂಡು ಅತ್ತಿದ್ದಾರೆ ಕಣೇ!" ಎಂದು ಹೆಂಡತಿಯನ್ನು ಕೂಗಿದ. "ಅತ್ತಿದ್ದು ಸಾಲ್ದು ಅಂತ ತಪ್ಪು ಬೇರೆ ಹುಡುಕಿದ್ದಾರೆ. ಥೂ!"

ಹೆಂಡತಿ ಇಸ್ತ್ರಿ ಪೆಟ್ಟಿಗೆಯಿಂದ ತಲೆ ಎತ್ತಲಿಲ್ಲ. "ನೀವು ಅವರ ಪುಸ್ತಕ ಓದಿದ್ರಾ?"

"ಅದು ಬೇರೆ ವಿಷ್ಯ."

ಬೇರೆ ವಿಷಯವೇನಲ್ಲ. ಗುಮಾಸ್ತರ ಕಾದಂಬರಿಯ ಬೆನ್ನುಡಿ ಓದಿ ಇವನೂ ಹತ್ತು ಸಾಲು ಹೊಗಳಿದ್ದ. ಕೂಟದಲ್ಲಿ ಎಲ್ಲರ ಬರವಣಿಗೆಯೂ ಗಟ್ಟಿ, ಎಲ್ಲರ ಪಾತ್ರಗಳೂ ಜೀವಂತ. ಯಾರೂ ಯಾರನ್ನೂ ಓದುವುದಿಲ್ಲ. ಆದರೂ ಬಿಳಿ ಹಾಳೆಯ ಮುಂದೆ ಕಣ್ಣು ಒದ್ದೆ ಮಾಡಿಕೊಳ್ಳುವುದೆಂದರೆ! ಬಾಯಿಗೆ ನೊಣ ಹೊಕ್ಕಂತೆ ಅವನಿಗೆ ಹೇಸಿಗೆಯಾಯಿತು.

ಅವನು ಕೇಳಿದ್ದು ದೊಡ್ಡದೇನಲ್ಲ. ಆರು ವರ್ಷ ಕೂತು ಬರೆದದ್ದನ್ನು ಒಬ್ಬರು, ಒಬ್ಬರೇ ಒಬ್ಬರು, ಕೊನೆತನಕ ಓದಬೇಕು. ಅಷ್ಟೇ.

ಆ ಒಬ್ಬರು ಇದ್ದಾರೆಂದು ಅವನು ನಂಬಿದ್ದ. ಇಲ್ಲಿಯವರೆಗೆ ಮಾರಾಟವಾಗಿದ್ದು ಒಂದೇ ಪ್ರತಿ. ಕೂಟದಲ್ಲಿ ಪುಸ್ತಕ ಹಂಚಿದ ನಾಲ್ಕನೇ ದಿನ ಆರ್ಡರ್ ಬಂದಿತ್ತು. ಹೆಸರಿಲ್ಲ, ಒಂದು ಹಲ್ಲಿನ ಆಸ್ಪತ್ರೆಯ ವಿಳಾಸ ಮಾತ್ರ. ತಾನೇ ಪೊಟ್ಟಣ ಕಟ್ಟಿ, ಅಂಚೆ ಕಚೇರಿಯ ಸಾಲಿನಲ್ಲಿ ಒಂದು ಗಂಟೆ ನಿಂತಿದ್ದ. ಮೊದಲ ಪುಟದಲ್ಲಿ ಒಂದು ಸಾಲನ್ನೂ ಬರೆದಿದ್ದ. ಇನ್ಯಾರಿಗೂ ಹಾಗೆ ಬರೆದವನಲ್ಲ. ರೋಗಿಗಳಿಲ್ಲದ ಹೊತ್ತಿನಲ್ಲಿ ಯಾರೋ ನರ್ಸಮ್ಮ ಪುಟ ತಿರುಗಿಸುತ್ತಿದ್ದಾಳೆ ಎಂದುಕೊಂಡೇ ಮುಂದಿನ ಕಾದಂಬರಿಗೆ ಕೈ ಹಚ್ಚಿದ್ದ. ಈ ಮುದುಕರಂಥವರು ಅವಳ ಕಾಲ ಧೂಳಿಗೂ ಸಮವಲ್ಲ.

ಗುಮಾಸ್ತರಿಗೆ ಫೋನ್ ಹಚ್ಚಿದ. "ನಾಳೆ ಕೂಟಕ್ಕೆ ನನ್ನ ಪುಸ್ತಕ ತಗೊಂಡ್ಬನ್ನಿ. ಸಹಿ ಹಾಕ್ಕೊಡೋದು ಮರೆತೇ ಹೋಗಿತ್ತು."

ಗುಮಾಸ್ತರು ಕೇಳಿದರು: "ಯಾವ್ದು ತರ್ಲಿ?"

"ನಾನು ಕೊಟ್ಟಿದ್ದೇ ತನ್ನಿ."

"ಅದಾ... ಅದು ಬೇಡ ಬಿಡಿ."

"ಅದೇ ಬೇಕು."

ಮುದುಕ ಸಿಕ್ಕಿಬಿದ್ದ ಎಂದು ಅವನು ಕೈ ಉಜ್ಜಿಕೊಂಡ.

ಮರುದಿನ ಗ್ರಂಥಾಲಯದ ಮೇಲಂತಸ್ತಿನಲ್ಲಿ ಹನ್ನೆರಡು ಕುರ್ಚಿಗಳೂ ತುಂಬಿದ್ದವು. ಗುಮಾಸ್ತರು ಬಟ್ಟೆ ಚೀಲವನ್ನು ಎದೆಗವುಚಿಕೊಂಡು ಮೂಲೆಯಲ್ಲಿ ಕೂತಿದ್ದರು. ತುಟಿಯ ಅಂಚಿನ ಜೊಲ್ಲನ್ನು ಕರವಸ್ತ್ರದಲ್ಲಿ ಒರೆಸಿಕೊಂಡರು. ಅದೂ ಇವನಿಗೆ ಹೇಸಿಗೆ ಎನಿಸಿತು.

"ನಿಮ್ಮ ಕಣ್ಣು ಒದ್ದೆ ಆಯ್ತಲ್ಲ, ಆ ಕೊನೆ ಅಧ್ಯಾಯ. ಎಲ್ರಿಗೂ ಸ್ವಲ್ಪ ಓದಿ ಹೇಳಿ," ಎಂದ.

"ಇವತ್ತು ಬೇಡ. ಮಗಳು ಹಲ್ಲಿನ ಡಾಕ್ಟರು, ಅವಳೇ ಹಾಕಿದ ಹೊಸ ಹಲ್ಲು. ಜೋರಾಗಿ ಓದೋಕೆ ಬರಲ್ಲ."

"ಹಲ್ಲಿನ ಮೇಲೆ ಹಾಕ್ತೀರಾ? ಎರಡು ಸಾಲು ಸಾಕು."

"ಎಲ್ರ ಎದುರು ಬೇಡಪ್ಪಾ," ಎಂದು ಗುಮಾಸ್ತರು ಬೇಡಿಕೊಂಡರು. "ಆಮೇಲೆ ನಾವಿಬ್ರೇ ಮಾತಾಡೋಣ."

ಇವನು ಕಾಯಲಿಲ್ಲ. ಚೀಲಕ್ಕೆ ಕೈ ಹಾಕಿ ಕಲೆಯಿದ್ದ ಪುಸ್ತಕವನ್ನು ಎಳೆದು, ನಡುವೆ ತೆರೆದು, ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದ. ಬಿಳಿ. ಹಾಳೆ ತಿರುವಿದ. ಬಿಳಿ. ಮೊದಲು ಒಬ್ಬ ಕಿಸಕ್ಕೆಂದ. ಆಮೇಲೆ ಕೋಣೆಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ತಮ್ಮ ಸರದಿ ತಪ್ಪಿತಲ್ಲ ಎಂಬ ನಗು ಅದು.

"ಇದನ್ನ ಓದಿ ಅತ್ರಾ? ಇದರಲ್ಲಿ ಐವತ್ತು ಪುಟ ಹೆಚ್ಚಾಯ್ತಾ? ನಾಚ್ಕೆ ಆಗಲ್ವಾ ನಿಮ್ಗೆ?"

ಗುಮಾಸ್ತರು ಎದ್ದು ನಿಂತರು. "ನಿಮ್ಗೆ ಮುಜುಗರ ಆಗ್ಬಾರ್ದು ಅಂತ..." ಎಂದರು. ನಗುವಿನಲ್ಲಿ ಮುಂದಿನದು ಕೇಳಿಸಲಿಲ್ಲ. ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದು ಹೋದರು.

ಎಲ್ಲರೂ ಇವನ ಬೆನ್ನು ತಟ್ಟಿದರು. ಒಳ್ಳೆ ಪಾಠ ಕಲಿಸಿದ್ರಿ ಎಂದರು. ಕೂಟ ಮುಗಿದ ಮೇಲೆ ಗ್ರಂಥಪಾಲಕಿ ಕುರ್ಚಿಗಳನ್ನು ಜೋಡಿಸುತ್ತ, "ಅಯ್ಯೋ, ಅವ್ರು ಚೀಲ ಬಿಟ್ಟೇ ಹೋಗಿದ್ದಾರೆ. ಇದ್ರಲ್ಲಿ ಇನ್ನೊಂದು ಪುಸ್ತಕ ಇದೆ. ಇದೂ ನಿಮ್ದೇ ನೋಡಿ," ಎಂದಳು.

ಅದೇ ರಕ್ಷಾಪುಟ. ಕಲೆಯಿಲ್ಲ. ಅಂಚುಗಳು ಸವೆದಿದ್ದವು. ನಡುವಿನ ಐವತ್ತು ಪುಟದುದ್ದಕ್ಕೂ ಪೆನ್ಸಿಲ್ಲಿನ ಗೆರೆಗಳು, ಪಕ್ಕದಲ್ಲಿ ಸಣ್ಣ ಅಕ್ಷರದ ಟಿಪ್ಪಣಿಗಳು. ಕೊನೆಯ ಅಧ್ಯಾಯದಲ್ಲಿ ಒಂದು ಹಾಳೆ ನೆಂದು ಒಣಗಿ ಸುಕ್ಕುಗಟ್ಟಿತ್ತು.

ಮೊದಲ ಪುಟದಲ್ಲಿ ಅವನದೇ ಕೈಬರಹವಿತ್ತು: "ಕಾಣದ ಓದುಗರಿಗೆ. ನೀವೊಬ್ಬರಿದ್ದರೆ ನನಗೆ ಸಾಕು."