ಅಗಲಿದವರ ಕಥೆಗಳಿಗೆ ಆಹ್ವಾನ

ಸೋಮವಾರ ಬೆಳಗ್ಗೆ ಹತ್ತೂವರೆಗೆ ಕಥಾಸಂಘದ ಕಚೇರಿಗೆ ಸಾವಿನ ಸುದ್ದಿ ತಲುಪಿತು. ತಂದವರು ಕನ್ನಡಕದ ಅಂಗಡಿಯವರು. ಬಲಗೈಯಲ್ಲಿ ಅರ್ಜಿ, ಎಡಗೈಯಲ್ಲಿ ದಾರ ಕಟ್ಟಿದ ಹಸ್ತಪ್ರತಿ.

"ತೀರಿಕೊಂಡವರು ನಿಮಗೇನಾಗಬೇಕು?" ಎಂದು ಕಾರ್ಯದರ್ಶಿ ಕೇಳಿದರು.

"ಅಣ್ಣ."

"ಎಷ್ಟು ದಿನ ಆಯ್ತು?"

"ಹೆಚ್ಚು ದಿನ ಆಗಿಲ್ಲ."

"ಪಾಪ. ಏನಾಗಿತ್ತು?"

"ಬರೀತಿದ್ರು."

ಕಾರ್ಯದರ್ಶಿ ತಲೆಯಾಡಿಸಿದರು. ಆ ಕಾಯಿಲೆಯ ಪರಿಚಯ ಅವರಿಗೂ ಇತ್ತು.

ಸಂಘದ ಪ್ರಕಟಣೆ ಹಿಂದಿನ ತಿಂಗಳು ಪತ್ರಿಕೆಯಲ್ಲಿ, ಬಾಡಿಗೆ ಮನೆಗಳ ಜಾಹೀರಾತಿನ ಕೆಳಗೆ, ನಾಲ್ಕು ಬೆರಳಗಲ ಬಂದಿತ್ತು. ಅಗಲಿದ ಬರಹಗಾರರ ಅಪ್ರಕಟಿತ ಕಥೆಗಳಿಗೆ ಆಹ್ವಾನ. ಬಂಧುಗಳೇ ಕಳುಹಿಸಬೇಕು. ಆಯ್ಕೆಯಾದ ಏಳು ಕಥೆಗಳು ಪುಸ್ತಕವಾಗಿ ಬರುತ್ತವೆ. ಸಾವಿಗೆ ದಾಖಲೆ ಕೇಳಿರಲಿಲ್ಲ. ಸಾವಿನ ವಿಷಯದಲ್ಲಿ ಯಾರೂ ಸುಳ್ಳು ಹೇಳಲಾರರೆಂದು ಸಂಘದ ಹಿರಿಯರು ನಂಬಿದ್ದರು.

"ಬೇರೆ ಸ್ಪರ್ಧೆಗೆ ಕಳಿಸಿದ್ರಾ?"

"ಇಪ್ಪತ್ತಾರು ವರ್ಷದಲ್ಲಿ ನಲವತ್ತು ಸ್ಪರ್ಧೆ. ಪೇಪರಿನಲ್ಲಿ 'ಆಹ್ವಾನ' ಅಂತ ಕಂಡ್ರೆ ಸಾಕು, ಕತ್ತರಿ ಹುಡುಕೋರು. ಕೊನೇ ತಾರೀಖಿಗೆ ಕ್ಯಾಲೆಂಡರಿನಲ್ಲಿ ಸುತ್ತು ಹಾಕೋರು. ಒಂದು ಕಡೆನೂ ಆಯ್ಕೆ ಆಗ್ಲಿಲ್ಲ. ಒಂದೇ ಒಂದು ಸಲ ಹೆಸರು ಅಚ್ಚಿನಲ್ಲಿ ನೋಡಿಬಿಟ್ರೆ ಸಾಕು, ಇನ್ನೇನೂ ಬೇಡ ಅಂತಿದ್ರು."

"ನೋಡೋ ಭಾಗ್ಯ ಇರಲಿಲ್ಲ ಅನ್ನಿ." ಕಾರ್ಯದರ್ಶಿ ನಿಟ್ಟುಸಿರಿಟ್ಟು ಹಾಳೆಗಳನ್ನು ತಿರುವಿದರು. "ಕೊನೇ ಪ್ಯಾರಾ ಸ್ವಲ್ಪ ಉದ್ದ ಆಯ್ತೇನೋ. ನಾಲ್ಕು ಸಾಲು ತೆಗೆದ್ರೆ..."

"ಮುಟ್ಟಬೇಡಿ!" ಅಂಗಡಿಯವರ ದನಿ ಏರಿತು. "ಹನ್ನೊಂದು ಸಲ ತಿದ್ದಿರೋದು ಅದು."

ಕಾರ್ಯದರ್ಶಿ ಕನ್ನಡಕದ ಮೇಲಿಂದ ನೋಡಿದರು.

"ಒಂದೇ ಮನೆ ನೋಡಿ," ಎಂದರು ಅಂಗಡಿಯವರು, ದನಿ ಇಳಿಸಿ. "ಎಲ್ಲಾ ಕಣ್ಣೆದುರಿಗೇ ನಡೆದದ್ದು."

ಎರಡು ತಿಂಗಳ ಮೇಲೆ ಕಾಗದ ಬಂತು. ಕಥೆ ಆಯ್ಕೆಯಾಗಿದೆ. ಭಾನುವಾರ ಬೆಳಗ್ಗೆ ಪುಸ್ತಕ ಬಿಡುಗಡೆ, ಜೊತೆಗೆ ಶ್ರದ್ಧಾಂಜಲಿ. ಕುಟುಂಬದವರು ತಪ್ಪದೆ ಬರಬೇಕು. ಅಂಗಡಿಯವರು ಅದನ್ನು ಮೂರು ಸಲ ಓದಿದರು. ಬಂದ ಗಿರಾಕಿಗೆ ದೂರ ನೋಡುವ ಕನ್ನಡಕದ ಬದಲು ಹತ್ತಿರ ನೋಡುವುದನ್ನು ಕೊಟ್ಟು ಬೈಸಿಕೊಂಡರು. ಮತ್ತೊಮ್ಮೆ ಓದಿದರು. ಬಾಗಿಲೆಳೆದು ಮನೆಗೆ ಹೋದರು.

"ನೀನೂ ಬಾರೇ."

"ನಾನ್ಯಾಕೆ?" ಹೆಂಡತಿ ಬಟ್ಟೆ ಮಡಿಸುತ್ತಿದ್ದಳು. "ಎಲ್ಲರೂ ಕಣ್ಣೀರು ಹಾಕ್ತಾ ಕೂತಿರ್ತಾರೆ. ನನಗೆ ನಗು ಬಂದುಬಿಟ್ರೆ?"

"ಆ ಕಥೆ ಅಂದ್ರೆ ನಿನಗೆ ಮೊದಲಿಂದ್ಲೂ ಸಸಾರ."

"ಕಥೆಗಲ್ಲ ರೀ ನಗು ಬರೋದು. ಹೋಗಿ ಬನ್ನಿ. ಅಲ್ಲಿ ಜಾಸ್ತಿ ಮಾತಾಡಬೇಡಿ, ಅಷ್ಟೆ."

ಸಭಾಂಗಣದ ಮುಂದಿನ ಸಾಲಿನಲ್ಲಿ ಏಳು ಕುರ್ಚಿಗಳು, ಏಳು ಮನೆಯವರಿಗೆ. ಪ್ರತಿ ಕುರ್ಚಿಯ ಮೇಲೂ ಒಂದು ಪುಸ್ತಕ. ಅಂಗಡಿಯವರು ನೂರಾ ಮೂರನೆಯ ಪುಟ ತೆರೆದರು. ಹೆಸರಿತ್ತು. ಹೆಸರಿನ ಹಿಂದೆ 'ದಿವಂಗತ' ಎಂದಿತ್ತು. ಆ ಪದದ ಮೇಲೆ ಹೆಬ್ಬೆರಳನ್ನಿಟ್ಟು, ಉಳಿದದ್ದನ್ನು ಬಹಳ ಹೊತ್ತು ನೋಡಿದರು.

ಎಡಕ್ಕೆ ಒಬ್ಬ ನರ್ಸಮ್ಮ. ತೀರಿಹೋದ ಚಿಕ್ಕಮ್ಮನ ಪರವಾಗಿ ಬಂದಿದ್ದರು. ವೇದಿಕೆಯಲ್ಲಿ ಒಬ್ಬ ಆ ಚಿಕ್ಕಮ್ಮನ ಕಥೆಯನ್ನು ಓದುತ್ತಿದ್ದರೆ, ನರ್ಸಮ್ಮನ ತುಟಿ ಓದುವವನಿಗಿಂತ ಒಂದು ಪದ ಮುಂದೆಯೇ ಆಡುತ್ತಿತ್ತು.

"ಅಲ್ಲಿ ನಿಲ್ಲಿಸಬೇಕಿತ್ತು. ಓಡಿಸಿಬಿಟ್ಟ ಮಹಾರಾಯ," ಎಂದು ಹಲ್ಲು ಕಡಿದರು.

ಅವರಾಚೆ ಒಬ್ಬ ಬಡಗಿ, ತೀರಿಹೋದ ಸೋದರಮಾವನ ಪರವಾಗಿ ಬಂದವನು. ಪುಸ್ತಕದ ಮೇಲೆ ಬೆರಳು ಬಡಿಯುತ್ತಿದ್ದ. "ಎರಡನೇ ಸಾಲಲ್ಲೇ ಅಚ್ಚಿನ ತಪ್ಪು! ನಮ್ಮ ಮಾವ ಸತ್ತರೂ ಹಿಂಗೆ ಬರೀತಿರಲಿಲ್ಲ."

ಅವನಾಚೆಯ ಮೂವರು ತಲೆಯೆತ್ತಲೇ ಇಲ್ಲ. ತಮ್ಮ ತಮ್ಮ ಮನೆಯವರ ಪುಟ ಬಿಟ್ಟು ಬೇರೆ ಪುಟವನ್ನು ತೆರೆಯಲೂ ಇಲ್ಲ.

ಬಲಗಡೆಯ ಕುರ್ಚಿಯಲ್ಲಿ ಒಬ್ಬ ಮುದುಕಿ. ಮುಚ್ಚಿದ ಪುಸ್ತಕವನ್ನು ಮಡಿಲಲ್ಲಿಟ್ಟು ಅದರ ಮೇಲೆ ಎರಡೂ ಕೈ ಇಟ್ಟುಕೊಂಡಿದ್ದರು.

"ನಿನಗೆ ಓದೋಕೆ ಬರುತ್ತಲ್ಲಪ್ಪಾ?"

"ಬರುತ್ತಮ್ಮ."

"ನನ್ನ ಮಗಂದು ಇದರೊಳಗಿದೆಯಂತೆ. ಟ್ರಂಕಿನ ತಳದಲ್ಲಿತ್ತು, ಪಕ್ಕದ ಮನೆಯವರು ನೋಡಿ ಕಳಿಸಿದ್ರು. ಏನು ಬರೆದಿದ್ದಾನೋ ಏನೋ, ನನಗೆ ಅಕ್ಷರ ಬರಲ್ಲ. ಸ್ವಲ್ಪ ಓದಿ ಹೇಳ್ತೀಯಾ?"

"ಆಮೇಲೆ ಹೇಳ್ತೀನಮ್ಮ," ಎಂದರು ಅಂಗಡಿಯವರು. ಅವರಿನ್ನೂ ನೂರಾ ಮೂರನೆಯ ಪುಟದಲ್ಲಿದ್ದರು.

"ಪರವಾಗಿಲ್ಲಪ್ಪ. ನನಗೇನೂ ಅವಸರ ಇಲ್ಲ."

ಅಧ್ಯಕ್ಷರು ಮಾತಿಗೆ ನಿಂತರು. ವಯಸ್ಸಾದವರು, ದನಿ ನಡುಗುತ್ತಿತ್ತು. "ನಲವತ್ತೊಂದು ಮನೆಗಳಿಂದ ಕಥೆಗಳು ಬಂದವು. ಏಳಕ್ಕೆ ಮಾತ್ರ ಜಾಗವಿತ್ತು. ಉಳಿದ ಮನೆಯವರು ಕ್ಷಮಿಸಬೇಕು. ಈ ಬರಹಗಾರರು ಬದುಕಿದ್ದಾಗ ಯಾರೂ ಇವರನ್ನು ಓದಲಿಲ್ಲ. ಆದರೆ ಇವತ್ತು ಇವರೆಲ್ಲ ಇಲ್ಲೇ, ನಮ್ಮ ನಡುವೆಯೇ ಕೂತಿದ್ದಾರೆ ಅಂತ ನನಗೆ ಅನಿಸುತ್ತಿದೆ."

ಮುಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು.

"ಎಲ್ಲರೂ ಒಂದು ನಿಮಿಷ ಎದ್ದು ನಿಲ್ಲೋಣ. ಅಗಲಿದ ಏಳು ಜೀವಗಳಿಗಾಗಿ ಪ್ರಾರ್ಥಿಸೋಣ."

ಮುಂದಿನ ಸಾಲಿನ ಆರು ಮಂದಿ ದಿವಂಗತರು ಎದ್ದು ನಿಂತು, ತಲೆ ಬಗ್ಗಿಸಿ, ತಮ್ಮ ತಮ್ಮ ಆತ್ಮಕ್ಕೆ ಶಾಂತಿ ಕೋರಿದರು. ಏಳನೆಯವನು ಮಾತ್ರ ಬಂದಿರಲಿಲ್ಲ. ಅವನ ತಾಯಿ ಬಂದಿದ್ದರು. ಆ ಮಗುವಿನ ಆತ್ಮಕ್ಕೆ ಭಗವಂತ ಶಾಂತಿ ಕೊಡಲಿ.