ಹೊಳೆಗೆ ಕಟ್ಟಿದ ಗಂಟು

ಮೊದಲ ಏಟಿಗೆ ಅವನ ಕನ್ನಡಕ ಒಡೆಯಿತು. ಎರಡನೆಯದಕ್ಕೆ ಹುಬ್ಬು ಸೀಳಿತು.

“ಹೊಳೆಗೆ ಮಾಟದ ಗಂಟು ಕಟ್ತೀಯೇನೋ, ಕಳ್ನನ್ಮಗ್ನೆ!” ಹೊಳೆದಂಡೆಯ ಲಾಡ್ಜಿನ ಸಾಹುಕಾರ ಮತ್ತೆ ದೊಣ್ಣೆ ಎತ್ತಿದ. ಊರಿನ ಮಕ್ಕಳು ವಾಂತಿಭೇದಿಯಿಂದ ಸಾಯತೊಡಗಿದ್ದರು. ಈ ಅಪರಿಚಿತ ನೀರೊಳಗೆ ಬಟ್ಟೆಯ ಗಂಟು ಕಟ್ಟುವುದನ್ನು ಕಂಡು ಜನ ಸೇರಿಸಿದವನೂ ಸಾಹುಕಾರನೇ.

“ಮಾಟ ಅಲ್ಲಣ್ಣ, ನಾನು ಲ್ಯಾಬಿನವನು. ಹರಿಯೋ ನೀರಲ್ಲಿ ಎರಡು ದಿನ ಬಿಟ್ರೆ ಆ ಬಟ್ಟೆ ವೈರಸ್ ಹಿಡಿಯುತ್ತೆ. ನಿಮ್ಮ ಮಕ್ಕಳನ್ನ ಕೊಂದಿದ್ದು ಆ ವೈರಸ್ಸೇ!”

“ಸುಳ್ಳು! ಕಟ್ಟಿದ ಕೈ ಮುರೀರೋ!”

ಯಾರೋ ತೋಳು ತಿರುಚಿದರು. ಮೂಳೆ ಲಟಕ್ಕೆಂದಿತು. ಅವನ ಚೀರಾಟಕ್ಕೆ ಗುಂಪು ಇನ್ನಷ್ಟು ಕೆರಳಿತು.

ಬೆಳಿಗ್ಗೆ ತಾನೇ ಮಗನನ್ನು ಮಣ್ಣು ಮಾಡಿ ಬಂದಿದ್ದ ಹೆಂಗಸೊಬ್ಬಳು ನುಗ್ಗಿ ಬಂದು ಅವನ ಕೂದಲು ಹಿಡಿದೆತ್ತಿದಳು. “ನೀನು ಹಾಕ್ಲಿಲ್ಲ ಅಂದ್ರೆ ಆ ವಿಷ ಎಲ್ಲಿಂದ ಬಂತೋ?”

ಅವನು ರಕ್ತ ಉಗುಳಿದ. “ಹೋದ ವಾರ ಹೊಳೆಯ ಮೇಲ್ಗಡೆ ಕಟ್ಟಿದ ಗಂಟಲ್ಲಿ ಏನೂ ಸಿಗಲಿಲ್ಲ, ತಾಯಿ. ಕೆಳಗಡೆ ಕಟ್ಟಿದ್ದರಲ್ಲಿ ಸಿಕ್ತು. ಎರಡರ ಮಧ್ಯೆ ಜೊಂಡಿನ ಮರೆಯಲ್ಲಿ ಕಕ್ಕಸಿನ ಪೈಪೊಂದನ್ನ ಹೊಳೆಗೆ ಬಿಟ್ಟಿದ್ದಾರೆ. ಇವತ್ತು ಅದರ ಜಾಡು ಹಿಡಿದು ಹೋಗಿ ನೋಡ್ಕೊಂಡು ಬಂದೆ.”

ಹಿಡಿದಿದ್ದ ಕೈಗಳು ಸಡಿಲಗೊಂಡವು.

ಅವಳು ಅವನ ಕೂದಲು ಬಿಟ್ಟಳು. “ಯಾರದಪ್ಪಾ ಅದು? ಹೇಳು.”

ಅವನು ಬಾಯಿ ತೆರೆಯುವಷ್ಟರಲ್ಲಿ ಸಾಹುಕಾರನ ದೊಣ್ಣೆ ಅವನ ದವಡೆಯನ್ನು ಪುಡಿ ಮಾಡಿತು.