ಹನ್ನೊಂದು ವರ್ಷ ಕಾದ ಮಾತು

ಚಳಿ ಬಿಟ್ಟು ಬಿಸಿಲು ಬಲಿಯುವ ದಿನಗಳು. ಮೊನ್ನೆ ಹಳ್ಳದಲ್ಲಿ ಮೈತೊಳೆಸಿದ ಕುರಿಗಳು ಚೆನ್ನಾಗಿ ಒಣಗಿದ್ದವು. ಉಣ್ಣೆ ಕತ್ತರಿಸುವ ಕೆಲಸ ಬೆಳಕು ಹರಿಯುತ್ತಲೇ ಶುರುವಾಗಿತ್ತು. ಪ್ರತಿ ವರ್ಷದಂತೆ ಅಕ್ಕನ ಮನೆಯ ಕೆಲಸಕ್ಕೆ ಕೈಜೋಡಿಸಲು ಬಂದಿದ್ದ ತಂಗಿ, ದೊಡ್ಡಿಯ ಬಾಗಿಲಲ್ಲಿ ಕೂತು ಕತ್ತರಿ ಮಸೆಯುತ್ತಿದ್ದಳು. ಕೈ ಕತ್ತರಿಯ ಮೇಲಿತ್ತು. ಕಣ್ಣು ಮಾತ್ರ ಆ ಮೂಲೆಯಲ್ಲಿ, ಟಗರೊಂದನ್ನು ಮಂಡಿಗಳ ನಡುವೆ ಅದುಮಿ ಹಿಡಿದಿದ್ದ ಭಾವನ ಮೇಲಿತ್ತು.

"ಎಷ್ಟೂಂತ ಮಸೀತೀಯೇ? ಉಣ್ಣೆ ತೆಗೆಯೋಕೆ ಇಷ್ಟು ಹರಿತ ಯಾಕೆ?" ಎಂದಳು ಅಕ್ಕ.

"ಇವತ್ತು ಬರೀ ಉಣ್ಣೆ ಕೆಲಸ ಅಲ್ಲ ಅಕ್ಕ."

ಚೀಲಕ್ಕೆ ಉಣ್ಣೆ ತುಳಿಯುತ್ತಿದ್ದ ಅಕ್ಕನ ಕಾಲು ನಿಂತಿತು. "ಇನ್ನೂ ಅದನ್ನೇ ಹಿಡ್ಕೊಂಡಿದ್ದೀಯಾ? ಹನ್ನೊಂದು ವರ್ಷ ಆಯ್ತಲ್ಲೇ. ಸತ್ತೋನು ಸತ್ತ. ಯಾರು ಕೊಂದ್ರೆ ನಿನಗೇನೀಗ?"

"ನನಗೇನಾ? ಮೂರು ದಿನ ಊಟ ನಿದ್ದೆ ಬಿಟ್ಟು ಕೊಲೆಗಾರನ ಬೆನ್ನು ಹತ್ತಿದ್ದೋಳು ನಾನು. ಇನ್ನೇನು ಸಿಕ್ಕಿಬಿಟ್ಟ ಅನ್ನೋವಾಗ ನಿನ್ನ ಗಂಡ ಅಡ್ಡ ಬಂದ್ರು."

"ಅವರು ತಮಾಷೆಗೆ ಮಾಡಿದ್ದು ಕಣೆ."

"ಅದೇ ನೋಡು. ಹತ್ತು ಜನರೆದುರು, ನಗ್ತಾ ಮಾಡಿದ್ರು. ಇದೇ ದೊಡ್ಡಿಯಲ್ಲಿ."

ಸೇಡಿನ ವಿದ್ಯೆಯನ್ನು ಅವಳಿಗೆ ಕಲಿಸಿದ್ದು ಪುಸ್ತಕಗಳು. ಪೇಟೆಯ ಗ್ರಂಥಾಲಯದಲ್ಲಿ ಕೊಲೆ, ಸೇಡು, ರಕ್ತದ ಕಾದಂಬರಿಗಳಿಗೆಂದೇ ಒಂದು ಕಪಾಟಿತ್ತು. ಅದನ್ನು ಮೇಲಿಂದ ಕೆಳಗಿನವರೆಗೆ ಮುಗಿಸಿದ್ದಳು. ಪಕ್ಕದ ಕಪಾಟಿನಲ್ಲಿ ಸದ್ಗುಣದ ಪುಸ್ತಕಗಳಿದ್ದವು. ಎರಡು ಪುಟಕ್ಕೆ ಆಕಳಿಕೆ ಬರುತ್ತಿತ್ತು. ಬದುಕಿನಲ್ಲಿ ಅನ್ಯಾಯ ಮಾಡಿದವರು ಹೊಟ್ಟೆತುಂಬ ಉಂಡು ಗೊರಕೆ ಹೊಡೆಯುತ್ತಾರೆ. ಕೊಲೆಯ ಕಪಾಟಿನಲ್ಲಿ ಮಾತ್ರ ಮುನ್ನೂರನೆಯ ಪುಟದೊಳಗೆ ಅನುಭವಿಸಿಯೇ ತೀರುತ್ತಾರೆ. ಅಂಥದ್ದೊಂದನ್ನು ಮುಗಿಸಿದ ದಿನ ಅವಳಿಗೆ ಅತ್ತೆಯ ಮಾತು ಕೂಡ ಹಿತವಾಗಿ ಕೇಳುತ್ತಿತ್ತು. ಎಲ್ಲದರ ಪಾಠವೂ ಒಂದೇ: ಅವಸರ ಕೂಡದು. ಶತ್ರು ಮೈಮರೆತು ಕೂತಿರುವಾಗ, ಸುಖ ಇನ್ನೇನು ಕೈಗೆ ಸಿಕ್ಕಿತು ಅನ್ನುವಾಗ, ಎದುರಿಗೆ ನಿಂತು ಮುಗಿಸಬೇಕು.

ಭಾವನಿಗೂ ಅದೇ ಚಟ. ಅದಕ್ಕೇ ಮೊನ್ನೆ ಬರುವಾಗ ಆ ಕಪಾಟಿನಿಂದ ದಪ್ಪನೆಯದೊಂದನ್ನು ಆರಿಸಿ ತಂದು ಅವನ ಕೈಗಿಟ್ಟಿದ್ದಳು. ಕೂತವನು ಏಳಬಾರದು, ಬಗ್ಗಿಸಿದ ತಲೆ ಎತ್ತಬಾರದು, ಅಂಥದ್ದು. ಭಾವ ಪುಸ್ತಕವನ್ನೊಮ್ಮೆ, ಅವಳನ್ನೊಮ್ಮೆ ನೋಡಿ, "ನಿನಗೆ ನನ್ನ ಮೇಲೆ ಎಷ್ಟು ಪ್ರೀತಿ ಕಣೆ ನಾದಿನಿ!" ಎಂದಿದ್ದ.

ಬೇಟೆ ಬಲೆಗೆ ಬಿದ್ದ ಹಾಗಿತ್ತು. ಇವತ್ತು ಬಿಸಿಲಿದ್ದರೂ ಟವೆಲ್ಲನ್ನು ತಲೆ, ಕಿವಿ, ಗದ್ದ ಎಲ್ಲ ಸೇರಿಸಿ ಬಿಗಿಯಾಗಿ ಸುತ್ತಿಕೊಂಡಿದ್ದ, ಉಣ್ಣೆಯ ಧೂಳಿಗಿರಬೇಕು. ಯಾರು ಕರೆದರೂ ತಿರುಗುತ್ತಿರಲಿಲ್ಲ.

"ನೀರು ಬೇಕೇನ್ರೀ?" ಎಂದು ಅಕ್ಕ ಕೂಗಿದರೆ, "ಇನ್ನೂ ಒಂಬತ್ತು ಕುರಿ ಇವೆ" ಅಂದ.

"ಪುಸ್ತಕ ಸಿಕ್ಕಿದ್ರೆ ಈ ಮನುಷ್ಯನಿಗೆ ಮೈಮೇಲೆ ಎಚ್ಚರಾನೇ ಇರಲ್ಲ," ಎಂದು ಅಕ್ಕ ಗೊಣಗಿದಳು.

ಮಧ್ಯಾಹ್ನ ಆಳುಗಳು ಬುತ್ತಿ ಬಿಚ್ಚಿದರು. ಭಾವ ಉಣ್ಣೆಯ ಮೂಟೆಗೆ ಒರಗಿ ಪುಸ್ತಕ ತೆರೆದ. ತಂಗಿ ದೂರದಿಂದಲೇ ಅಳೆದಳು. ಉಳಿದಿದ್ದು ನಾಲ್ಕೈದು ಹಾಳೆ. ಕತ್ತರಿ ಹಿಡಿದೇ ಎದ್ದಳು.

"ಬೇಡ ಕಣೆ. ನನ್ನ ಮುಖ ನೋಡಿ ಬಿಟ್ಟುಬಿಡು," ಅಕ್ಕ ಸೆರಗು ಹಿಡಿದಳು.

"ಬಿಡು ಅಕ್ಕ. ನಿನಗೆ ಇದೆಲ್ಲ ಅರ್ಥ ಆಗಲ್ಲ."

ಆಳುಗಳ ಬಾಯಿಯ ತುತ್ತು ಅಲ್ಲೇ ನಿಂತಿತು. ಅವಳ ನೆರಳು ಪುಟದ ಮೇಲೆ ಬಿತ್ತು. ಭಾವ ತಲೆ ಎತ್ತಲಿಲ್ಲ. ಅವಳು ಕತ್ತರಿಯನ್ನು ಮೂಟೆಯ ಮೇಲಿಟ್ಟಳು. ಅದರ ಅಗತ್ಯವಿರಲಿಲ್ಲ.

"ಹನ್ನೊಂದು ವರ್ಷದ ಹಿಂದೆ ಇಲ್ಲೇ ಕೂತು ನಾನು ಓದ್ತಿದ್ದ ಪುಸ್ತಕದಲ್ಲಿ ಕೊಂದೋರು ಯಾರು ಅಂತ ಹೇಳಿಬಿಟ್ರಲ್ಲ ಭಾವ, ತಗೊಳ್ಳಿ ಈಗ!" ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು. "ಇದರಲ್ಲಿ ಕೊಂದಿದ್ದು ಆ ಗಡಿಯಾರ ರಿಪೇರಿಯೋನು!"

ಭಾವ ಕಣ್ಣೆತ್ತದೆ ಒಂದು ಬೆರಳು ಮೇಲೆತ್ತಿದ. ತಾಳು, ಎಂಬಂತೆ. ಪುಟ ತಿರುಗಿಸಿದ. ಮತ್ತೊಂದು ತಿರುಗಿಸಿದ. ಅವಳು ನಿಂತೇ ಇದ್ದಳು. ಕೊನೆಯ ಸಾಲು ಮುಗಿಸಿ ಪುಸ್ತಕ ಮಡಚಿ, "ಅಯ್ಯಯ್ಯೋ, ಗಡಿಯಾರದೋನು! ಕನಸಲ್ಲೂ ಅಂದ್ಕೊಂಡಿರಲಿಲ್ಲ!" ಎಂದು ತೊಡೆ ತಟ್ಟಿಕೊಂಡ.

ಆಮೇಲೆ ನಿಧಾನವಾಗಿ ಟವೆಲ್ಲು ಬಿಚ್ಚಿ, ಎರಡೂ ಕಿವಿಯಿಂದ ಒಂದೊಂದು ಉಂಡೆ ಉಣ್ಣೆ ಎಳೆದು ತೆಗೆದು, "ಏನೋ ಹೇಳ್ತಿದ್ದ ಹಾಗಿತ್ತಲ್ಲ ನಾದಿನಿ, ಏನದು?" ಎಂದು ಕೇಳಿದ.